ಸ್ಪಷ್ಟನೆ: “ಹೊರಲಾರದ ಭಾರವನ್ನು ದೇವರು ಕೊಡುವುದಿಲ್ಲ” ಎಂಬುದು ಬೈಬಲಿನ ವಚನವಲ್ಲ

“ನೀನು ಹೊರಲಾರದಷ್ಟು ಭಾರವನ್ನು ದೇವರು ನಿನಗೆ ಕೊಡುವುದಿಲ್ಲ” ಎಂಬ ಸಾಲು ಬೈಬಲಿನ ವಚನವೆಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇಂಥ ವಚನ ಬೈಬಲಿನಲ್ಲಿಲ್ಲ. ಆಧಾರವೆಂದು ತೋರಿಸುವ 1 ಕೊರಿಂಥ 10:13 (ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 10ನೆಯ ಅಧ್ಯಾಯ, 13ನೆಯ ವಚನ) ಪಾಪಕ್ಕೆ ಎಳೆಯುವ ಶೋಧನೆಯ, ಅಂದರೆ ಪ್ರಲೋಭನೆಯ ಕುರಿತದ್ದು. ಅರಣ್ಯದಲ್ಲಿ ಇಸ್ರಾಯೇಲ್ಯರು ವಿಗ್ರಹಾರಾಧನೆಗೆ ಬಿದ್ದುದನ್ನು ನೆನಪಿಸಿ, ಶಕ್ತಿ ಮೀರಿದ ಶೋಧನೆಯನ್ನು ದೇವರು ಬರಗೊಡುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೂ ತೋರಿಸುತ್ತಾನೆ ಎಂದು ಪೌಲನು ಅಲ್ಲಿ ಧೈರ್ಯ ಹೇಳುತ್ತಾನೆ. ರೋಗ, ಸಾಲ, ಸಾವುಗಳ ಮಾತು ಅದಲ್ಲ.

ಸ್ವಂತ ಕಷ್ಟದ ಬಗ್ಗೆ ಅದೇ ಪೌಲನು ಬರೆದದ್ದು ಬೇರೆಯೇ ಇದೆ. 2 ಕೊರಿಂಥ 1:8-9 ಓದಿ ನೋಡಿ. ಆಸ್ಯ ಸೀಮೆಯಲ್ಲಿ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಬಂದ ಸಂಕಟ ತಮ್ಮ ಶಕ್ತಿಯನ್ನು ಮೀರಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ತಮ್ಮ ಮೇಲಲ್ಲ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸೆಯಿಡಲೆಂದೇ ಹಾಗಾಯಿತು ಎನ್ನುತ್ತಾನೆ. ಅದೇ ಎರಡನೆಯ ಪತ್ರದ 12ನೆಯ ಅಧ್ಯಾಯದಲ್ಲಿ, ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡಿದ್ದನ್ನು ತಿಳಿಸುತ್ತಾನೆ. ಶೂಲ ಹೋಗಲಿಲ್ಲ. ಕೃಪೆಯೇ ಸಾಕು, ನಿರ್ಬಲತೆಯಲ್ಲಿಯೇ ದೇವರ ಬಲ ಪೂರ್ಣವಾಗುತ್ತದೆ ಎಂಬ ಉತ್ತರ ಬಂತು.

ಈ ವ್ಯತ್ಯಾಸ ಸಣ್ಣದಲ್ಲ. ಹಾಸಿಗೆ ಹಿಡಿದ ಮಗುವಿನ ಮಗ್ಗುಲಲ್ಲಿ ರಾತ್ರಿಯೆಲ್ಲ ಎದ್ದಿರುವ ತಾಯಿ ಆ ಸಂದೇಶ ಓದಿದರೆ, ತನಗೆ ತಾಳಲಾಗುತ್ತಿಲ್ಲವೆಂದರೆ ತನ್ನ ನಂಬಿಕೆಯಲ್ಲೇ ಕೊರತೆಯಿರಬೇಕು ಎಂದುಕೊಳ್ಳುತ್ತಾಳೆ. ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಲೇಬೇಕೆಂದಿದ್ದರೆ 2 ಕೊರಿಂಥ 12:9 ಕಳುಹಿಸಿ. ಸಾಧ್ಯವಾದರೆ ಒಂದು ರಾತ್ರಿ ಹೋಗಿ ಆಕೆಯ ಬದಲು ನೀವು ಎಚ್ಚರವಿರಿ.