ದೂರದಲ್ಲಿ ಕೂತು ಊರಿನ ಜಗಳ ಬರೆಯುವವರು

ಟೊರೊಂಟೊದ ಸ್ಕಾರ್ಬರೋ ಕಡೆ ತಮಿಳರ ದಿನಸಿ ಅಂಗಡಿಗೆ ಹೋದರೆ ಬಾಗಿಲಲ್ಲೇ ಪುಕ್ಕಟೆ ಪತ್ರಿಕೆಗಳ ರಾಶಿ ಇರುತ್ತದೆ. ತಮಿಳರ ಮೇಲೆ ನಡೆದ 1983ರ ಜುಲೈ ಗಲಭೆಯ ನಂತರ ಶ್ರೀಲಂಕಾ ಬಿಟ್ಟು ಬಂದವರು ಕಟ್ಟಿಕೊಂಡ ಓದು ಅದು. ಇಲ್ಲಿನ ನಮ್ಮ ಕನ್ನಡ ಸಂಘಗಳು ತರುವುದು ರಾಜ್ಯೋತ್ಸವದ ಸಂಚಿಕೆ. ಕವನ, ಪ್ರವಾಸ ಕಥನ, ಬಿಸಿಬೇಳೆಬಾತ್ ಮಾಡುವ ಕ್ರಮ. ಜಗಳದ ವಿಷಯ ಬೇಡವೇ ಬೇಡ.

ನಮ್ಮೂರಲ್ಲಿ ಯುದ್ಧ ಇಲ್ಲ, ಪುಣ್ಯ. ಆದರೆ ಬೆಂಗಳೂರು ಹೊತ್ತಿಕೊಂಡ ದಿನ ನಮಗೆ ಸುದ್ದಿ ಎಲ್ಲಿಂದ ಬಂತು? 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರು ಬಿಡುವ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂತು. ತಮಿಳುನಾಡು ನೋಂದಣಿಯ ಬಸ್ಸುಗಳು ಸಾಲಾಗಿ ಸುಟ್ಟವು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಇಲ್ಲಿ ನಮಗೆ ಬಂದದ್ದು ಬರೀ ವಾಟ್ಸಾಪ್ ವಿಡಿಯೋ. ರಾಮೇಶ್ವರದಲ್ಲಿ ಕನ್ನಡಿಗನಿಗೆ ಹೊಡೆದದ್ದು, ಬೆಂಗಳೂರಲ್ಲಿ ತಮಿಳು ಹುಡುಗನಿಗೆ ಹೊಡೆದದ್ದು. "ಇನ್ನೂ ಬಾರಿಸಬೇಕಿತ್ತು" ಎಂದು ಬರೆದವರ ಕಾರಿಗೆ ಇದ್ದದ್ದು ಒಂಟಾರಿಯೋ ನಂಬರ್ ಪ್ಲೇಟು. ಯಾರೂ ಅದಕ್ಕೆ ಕಲ್ಲು ಹೊಡೆಯುವುದಿಲ್ಲ ಅಲ್ವಾ?

ವಲಸಿಗರ ಪತ್ರಿಕೆಗಳೇನೂ ಸಾಚಾ ಅಲ್ಲ. 1997ರಲ್ಲಿ ಶುರುವಾದ ಶ್ರೀಲಂಕಾ ತಮಿಳರ ಸುದ್ದಿ ಜಾಲತಾಣ ತಮಿಳ್‌ನೆಟ್ ಬಂಡುಕೋರ ಸಂಘಟನೆ ಎಲ್‌ಟಿಟಿಇ ಕಡೆ ವಾಲುತ್ತದೆ ಎಂಬ ದೂರು ಇತ್ತು. ಸುಮ್ನೆ ಹುಟ್ಟಿದ ದೂರಲ್ಲ ಅದು. ಆದರೂ ಸುದ್ದಿ ನಡೆದ ಜಾಗದಲ್ಲಿ ಅವರ ವರದಿಗಾರರಿದ್ದರು. ಸಂಪಾದಕ ಶಿವರಾಂ ಅವರನ್ನು 2005ರ ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ ಅಪಹರಿಸಿ ಕೊಂದರು.

ನನಗೆ ಹೆಚ್ಚು ಕಾಡುವುದು ತಾರಾ ಸಿಂಗ್ ಹೇಯರ್. ಕೆನಡಾದ ಸರ್ರೆ ಊರಿನಲ್ಲಿ ಇಂಡೋ-ಕೆನಡಿಯನ್ ಟೈಮ್ಸ್ ಎಂಬ ಪಂಜಾಬಿ ವಾರಪತ್ರಿಕೆ ನಡೆಸುತ್ತಿದ್ದರು. ಮೊದಲು ಖಲಿಸ್ತಾನದ, ಅಂದರೆ ಸಿಖ್ಖರಿಗೆ ಬೇರೆ ದೇಶ ಬೇಕೆಂಬ ಬೇಡಿಕೆಯ, ಬಗ್ಗೆ ಒಲವಿತ್ತು. ಆಮೇಲೆ ಹಿಂಸೆಯನ್ನು ಬಯ್ದು ಬರೆದರು. 329 ಜನ ಸತ್ತ 1985ರ ಏರ್ ಇಂಡಿಯಾ ಸ್ಫೋಟದ ಬಗ್ಗೆ ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟರು. 1988ರಲ್ಲಿ ಗುಂಡು ಬಿತ್ತು, ಗಾಲಿಕುರ್ಚಿ ಹಿಡಿದರು. ಪತ್ರಿಕೆ ನಿಲ್ಲಿಸಲಿಲ್ಲ. 1998ರ ನವೆಂಬರ್‌ನಲ್ಲಿ ಅವರ ಮನೆಯಲ್ಲೇ ಕೊಂದರು. ತನ್ನ ಓದುಗರಿಗೇ ಹಿಡಿಸದ ಮಾತನ್ನು, ತನ್ನ ಹೆಸರು ಹಾಕಿ ಬರೆದವರು ಅವರು. ಫಾರ್ವರ್ಡ್ ಮಾಡುವ ನಮಗೆ ಆ ಕಷ್ಟವೇ ಇಲ್ಲ.

ಇನ್ನೊಂದು ಮಾತು. ಬೆಂಗಳೂರೂ ಬಹಳ ಜನರಿಗೆ ಹೊರನಾಡೇ. 2012ರಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ನಡೆಯಿತು. ಅದರ ಸೇಡನ್ನು ಈಶಾನ್ಯದವರ ಮೇಲೆ ತೀರಿಸುತ್ತಾರೆ ಎಂಬ ಗಾಳಿಸುದ್ದಿ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಬ್ಬಿತು. ಸಲೂನು, ಹೋಟೆಲು, ಸೆಕ್ಯೂರಿಟಿ ಕೆಲಸ ಬಿಟ್ಟು ಈಶಾನ್ಯದ ಸಾವಿರಾರು ಜನ ಮೆಜೆಸ್ಟಿಕ್ ಸ್ಟೇಷನ್‌ಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸಬಾರದು ಎಂದು ಕೇಂದ್ರ ಸರ್ಕಾರ ಮಿತಿ ಹಾಕಿತು. ಯಾರು ಬರೆದದ್ದು, ಯಾರನ್ನು ಕೇಳುವುದು? ಸಂಪಾದಕನಿದ್ದರೆ ಕನಿಷ್ಠ ಕಾಲರ್ ಹಿಡಿಯಬಹುದಿತ್ತು.

ಹಾಗಾಗಿ ಸಂಘದವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಂಚಿಕೆಯಲ್ಲಿ ಹತ್ತು ಪುಟ ಕಾವೇರಿಗೆ ಬಿಡಿ. ಮಂಡ್ಯದ ರೈತರನ್ನೂ ತಂಜಾವೂರಿನ ರೈತರನ್ನೂ ಮಾತಾಡಿಸಿ ಬರೆಸಿ. ಬರೆದವರ ಹೆಸರು ಹಾಕಿ. ಬೈಗುಳ ಬಂದರೆ ಬರಲಿ ಬಿಡಿ. ಯುಗಾದಿ ಊಟದ ಟಿಕೆಟ್ ದರಕ್ಕೇ ನಮ್ಮ ಅಧ್ಯಕ್ಷರು ಅದಕ್ಕಿಂತ ಜಾಸ್ತಿ ಬೈಸಿಕೊಂಡಿದ್ದಾರೆ.