ಮಾವನವರ ಎಣ್ಣೆ, ನಮ್ಮ ಸೀಟು

ತಿಪಟೂರಿನ ಕಡೆಯವರೊಡನೆ ನೆಂಟಸ್ತನ ಬೆಳೆಸಿದವರಿಗೆ ಒಂದು ಅನುಕೂಲವಿದೆ: ಕೊಬ್ಬರಿ ಎಣ್ಣೆಯನ್ನು ಜನ್ಮದಲ್ಲಿ ದುಡ್ಡು ಕೊಟ್ಟು ತರಬೇಕಾಗಿಲ್ಲ. ಅನನುಕೂಲವೂ ಅದೇ. ಎಣ್ಣೆ ಮುಗಿಯುವುದೇ ಇಲ್ಲವಾದ್ದರಿಂದ ಅದಕ್ಕೆ ಹೊಸ ಹೊಸ ಕೆಲಸ ಹುಡುಕಬೇಕಾಗುತ್ತದೆ. ನಮ್ಮ ಮಾವನವರು ತುಮಕೂರಿಗೆ ಬಂದರೆ ಕಿರುಗುಟ್ಟುವ ಬಾಗಿಲು, ಮೊಮ್ಮಗನ ತಲೆ, ನನ್ನ ಮೊಣಕಾಲು ಎಲ್ಲಕ್ಕೂ ಒಂದೇ ಡಬ್ಬಿಯಿಂದ ಚಿಕಿತ್ಸೆ. ಕಾರಿನ ಚರ್ಮದ ಸೀಟುಗಳು ಮಾತ್ರ ಬಾಕಿ ಉಳಿದಿದ್ದವು.

ನಾನು ಮಧ್ಯಾಹ್ನ ನಿದ್ದೆ ಮಾಡಿ ಏಳುವಷ್ಟರಲ್ಲಿ ಆ ಬಾಕಿಯೂ ತೀರಿತ್ತು. ‘ಚರ್ಮವಲ್ಲವೇ ಅಳಿಯಂದಿರೇ, ಒಣಗಿ ಬಿರಿಯುತ್ತದೆ. ಚೆನ್ನಾಗಿ ಎಣ್ಣೆ ಕುಡಿಸಿದ್ದೇನೆ’ ಎಂದರು.

ಸೀಟು ಕುಡಿದಿರಲಿಲ್ಲ. ಈಗಿನ ಬಹುಪಾಲು ಕಾರುಗಳಲ್ಲಿ ಚರ್ಮದ ಮೇಲೆ ಬಣ್ಣ, ಬಣ್ಣದ ಮೇಲೆ ಪಾಲಿಯುರೆಥೇನಿನ ತೆಳು ಲೇಪ ಇರುತ್ತದೆ. ಎಣ್ಣೆ ಆ ಲೇಪದ ಮೇಲೆಯೇ ಕುಳಿತು ಧೂಳಿಗೆ ಕಾಯುತ್ತದೆ. ನಮ್ಮೂರಿನ ಧೂಳಿಗೆ ಯಾರನ್ನೂ ಕಾಯಿಸುವ ಅಭ್ಯಾಸವಿಲ್ಲ.

ಮರುದಿನ ದೇವರಾಯನದುರ್ಗಕ್ಕೆ ಹೊರಟೆವು. ಸೀಟ್ ಬೆಲ್ಟ್ ಇದ್ದುದರಿಂದ ಅತ್ತೆಯವರು ಇದ್ದಲ್ಲಿಯೇ ಉಳಿದರು. ಪುಳಿಯೋಗರೆ ಡಬ್ಬಿಗೆ ಬೆಲ್ಟ್ ಇರಲಿಲ್ಲ. ಬೆಟ್ಟದ ತಿರುವು ತಿರುವಿಗೂ ಸೀಟಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಭೋಗನರಸಿಂಹನ ಗುಡಿಯ ಮುಂದೆ ಇಳಿದಾಗ ಮಾವನವರ ಬಿಳಿ ಪಂಚೆಯ ಹಿಂಭಾಗದಲ್ಲಿ, ಹೊಲಿಗೆಯ ಗೆರೆಗಳ ಸಮೇತ, ಸೀಟಿನ ಪೂರ್ತಿ ನಕ್ಷೆ ಮೂಡಿತ್ತು. ಹಿಂದೆ ನಿಂತ ಭಕ್ತರು ದೇವರಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡಿದರು.

ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಪರಿಹಾರ ಕೇಳಿದರೆ, ‘ಕನ್ನಡಿಯ ಹಾಗೆ ಹೊಳೆಯುತ್ತದೆ ಸಾರ್’ ಎಂದು ಸಿಲಿಕೋನ್ ಪಾಲಿಶಿನ ಬಾಟಲಿ ಮುಂದಿಟ್ಟರು. ನನಗೆ ಬೇಕಾಗಿದ್ದದ್ದು ಹೊಳೆಯದಿರುವುದು. ಅದನ್ನು ದುಡ್ಡು ಕೊಟ್ಟು ಕೇಳುವ ಗಿರಾಕಿಯನ್ನು ಅವರು ಆವರೆಗೆ ಕಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಹೊಸ ಕಾರಿನ ಚರ್ಮ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ವರ್ಷ ಕಳೆದಂತೆ ಬರುವ ಮಿರುಗು ಬೆವರು, ತಲೆಯೆಣ್ಣೆ, ಕೊಳೆ ಒಂದಾಗಿ ಕೂತ ಜಿಡ್ಡು. ಚಾಲಕನ ಸೀಟಿನ ಅಂಚನ್ನೂ ತಲೆ ಒರಗುವ ಜಾಗವನ್ನೂ ನೋಡಿದರೆ ಸಾಕು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ನಂಬಿಲ್ಲ.

ಕೊನೆಗೆ ಚರ್ಮಕ್ಕೆಂದೇ ಮಾಡಿದ, ಕ್ಷಾರವಿಲ್ಲದ ಕ್ಲೀನರ್ ಸಿಕ್ಕಿತು. ಕಾರನ್ನು ನೆರಳಿಗೆ ತಂದು, ಮೆತ್ತನೆಯ ಬ್ರಷ್ಷಿಗೆ ನೊರೆ ತೆಗೆದುಕೊಂಡು ಉಜ್ಜುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಇದೇ ಕೆಲಸ. ಸಣ್ಣ ತೂತುಗಳಿರುವ ಸೀಟಿಗೆ ನೇರವಾಗಿ ಸಿಂಪಡಿಸಬಾರದು, ತೂತಿನಲ್ಲಿ ದ್ರವ ನಿಂತು ಬಿಳಿ ಚುಕ್ಕೆಗಳಾಗುತ್ತವೆ. ಪೂರ್ತಿ ಒಣಗಿದ ಮೇಲೆ ನೀರಿನಂಶದ, ಹೊಳಪು ಕೊಡದ ಮ್ಯಾಟ್ ಕಂಡೀಷನರ್, ಅದೂ ಸೀಟಿಗಲ್ಲ, ಬಟ್ಟೆಗೆ, ಒಂದು ರೂಪಾಯಿ ನಾಣ್ಯದಷ್ಟು. ‘ಇದೇನು, ತೀರ್ಥ ಕೊಡುತ್ತಿದ್ದೀರಾ?’ ಎಂದು ಮಾವನವರು ಪಕ್ಕದಲ್ಲೇ ನಿಂತು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಉಳಿದದ್ದನ್ನೆಲ್ಲ ಒರೆಸಿ ತೆಗೆದಾಗ, ‘ಹಾಕುವುದೇಕೆ, ತೆಗೆಯುವುದೇಕೆ?’ ಎಂದು ಒಳಗೆ ಹೋಗಿಬಿಟ್ಟರು. ಆದರೆ ಗುಟ್ಟೆಲ್ಲ ಇರುವುದು ಆ ಕೊನೆಯ ಒರೆಸುವಿಕೆಯಲ್ಲೇ.

ಸೀಟು ಏನೂ ಆಗದ ಸೀಟಿನಂತೆ ಕಾಣಿಸತೊಡಗಿತು. ಇಡೀ ಭಾನುವಾರದ ದುಡಿಮೆಗೆ ಸಾಕ್ಷಿಯೇ ಇಲ್ಲ. ಎದುರುಮನೆಯ ನಿವೃತ್ತ ಮೇಷ್ಟರು ಮಾತ್ರ ಕಂಡೀಷನರಿನ ಬಾಟಲಿಯನ್ನು ಗಮನಿಸಿ, ಕೇಳಿ ಪಡೆದು, ತಮ್ಮ ಕಾರಿಗೆ ಧಾರಾಳವಾಗಿ ಬಳಿದರು. ಅವರದು ಚರ್ಮವಲ್ಲ, ರೆಕ್ಸಿನ್. ಹೀರುವುದಕ್ಕೆ ಅಲ್ಲಂತೂ ಏನೂ ಇಲ್ಲ. ಬಳಿದದ್ದೆಲ್ಲ ಮೇಲೆಯೇ ನಿಂತು ಬಿಸಿಲಿಗೆ ಫಳಫಳ ಹೊಳೆಯಿತು. ಮಾವನವರು ಗೇಟಿನ ಆಚೆ ಹೋಗಿ, ಎರಡೂ ಕಾರುಗಳೊಳಗೆ ಇಣುಕಿ ನೋಡಿ, ನನ್ನನ್ನು ಕರೆದರು. ‘ನೋಡಿ ಅಳಿಯಂದಿರೇ, ಮೇಷ್ಟರು ಎಷ್ಟು ಚೆನ್ನಾಗಿ ಮಾಡಿದ್ದಾರೆ.’