ಟೊಮ್ಯಾಟೊ ಅಳುತ್ತಾ ಅತ್ತೆ?

ಹೋದ ಭಾನುವಾರ ಮೈಸೂರಿನಿಂದ ಊರಿಗೆ ಹೋಗಿದ್ದೆ. ಮಂಡ್ಯದ ಹತ್ತಿರವೇ ನಮ್ಮೂರು. ಅಡುಗೆಮನೆಯಲ್ಲಿ ಕೂತು ಸಾರಿಗೆ ಟೊಮ್ಯಾಟೊ ಹೆಚ್ಚುತ್ತಿದ್ದೆ. ಅಣ್ಣನ ಮಗಳು ಪಕ್ಕಕ್ಕೆ ಬಂದು ನಿಂತಳು. ಐದನೇ ಕ್ಲಾಸು. ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅತ್ತೆ, ಇದು ಈಗ ಅಳ್ತಿದೆ ಅಲ್ವಾ? ನೀನೇ ಬರೆದಿದ್ಯಲ್ಲ, ಅಪ್ಪ ಓದಿ ಹೇಳ್ತು."

ಹೌದು, ಬರೆದವಳು ನಾನೇ.

ವಿಷಯ ಇಷ್ಟು. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಟೊಮ್ಯಾಟೊ ಮತ್ತು ಹೊಗೆಸೊಪ್ಪಿನ ಗಿಡಗಳಲ್ಲಿ ಕೆಲವಕ್ಕೆ ನೀರು ನಿಲ್ಲಿಸಿದರು, ಕೆಲವದರ ಕಾಂಡ ಕತ್ತರಿಸಿದರು. ಪಕ್ಕದಲ್ಲಿ ಮೈಕ್ ಇಟ್ಟರು. ಈ ಗಿಡಗಳಿಂದ ಗಂಟೆಗೆ ಹತ್ತಾರು ಸಲ 'ಟಕ್' ಅನ್ನುವ ಸದ್ದು ಬಂತು. ಚೆನ್ನಾಗಿದ್ದ ಗಿಡದಿಂದ ಸರಾಸರಿ ಗಂಟೆಗೆ ಒಂದೂ ಇಲ್ಲ. ಸದ್ದಿನ ಕಂಪನದ ಲೆಕ್ಕದಲ್ಲಿ ನಮ್ಮ ಕಿವಿ ಹಿಡಿಯುವುದು ಸುಮಾರು 20 ಕಿಲೋಹರ್ಟ್ಸ್ ತನಕ. ಇದು 40ರಿಂದ 80. ಹಾಗಾಗಿ ಪಕ್ಕದಲ್ಲೇ ಕೂತರೂ ಕೇಳಿಸದು. ಕಾಂಡದೊಳಗೆ ನೀರು ಏರುವ ಸಣ್ಣ ಸಣ್ಣ ಕೊಳವೆಗಳಿವೆ. ನೀರು ಕಡಿಮೆಯಾದಾಗ ಅಲ್ಲಿ ಗಾಳಿಗುಳ್ಳೆ ಎದ್ದು ಒಡೆಯುತ್ತದೆ. ಸದ್ದು ಬಹುಶಃ ಅದರದ್ದೇ. ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಿಗೆ ಗಾಳಿ ಸೇರಿ ಬುಸುಗುಡುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿ.

ಇದನ್ನು ನಾನು ಒಂದು ಪತ್ರಿಕೆಗೆ ಬರೆದೆ. ತಲೆಬರಹ ಅವರು ಕೊಟ್ಟದ್ದು ಅಂತ ಜಾರಿಕೊಳ್ಳಬಹುದಿತ್ತು. ಆದರೆ ಮೊದಲ ಸಾಲು ನನ್ನದೇ: 'ಗಿಡಗಳೂ ಅಳುತ್ತವೆ, ನಮಗೆ ಕೇಳಿಸುವುದಿಲ್ಲ ಅಷ್ಟೆ.' ಬರೆದ ದಿನ ಆ ಸಾಲನ್ನು ನಾಲ್ಕು ಸಲ ಓದಿಕೊಂಡು ಖುಷಿಪಟ್ಟಿದ್ದೆ. ಗಾಳಿಗುಳ್ಳೆಯ ಸಂಗತಿ ಎಂಟನೇ ಪ್ಯಾರಾದಲ್ಲಿತ್ತು. ಅಲ್ಲೀತನಕ ಯಾರು ಬರುತ್ತಾರೆ? ನಮ್ಮಣ್ಣನೇ ಬಂದಿರಲಿಲ್ಲ.

ಹುಡುಗಿಗೆ ಹೇಳಿದೆ. ಅವರು ಮೈಕ್ ಇಟ್ಟದ್ದು ಗಿಡಕ್ಕೆ, ಈ ಹಣ್ಣಿಗಲ್ಲ ಅಂದೆ. ಗಿಡಕ್ಕೆ ನರ ಇಲ್ಲ, ಮಿದುಳಿಲ್ಲ ಅಂದೆ. ತಲೆ ಆಡಿಸಿದಳು. ಆದರೆ ಅವತ್ತು ಸಾರು ಮುಟ್ಟಲಿಲ್ಲ. ಬರೀ ಮೊಸರನ್ನ ತಿಂದು ಎದ್ದಳು.

ಹಾಗಂತ ಗಿಡ, ಮಳೆ, ಯಂತ್ರಗಳಿಗೆ ಮನುಷ್ಯರ ಮಾತು ಹಚ್ಚಲೇಬಾರದು ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಸೇರಿದರೆ ನಮ್ಮನೆಯಲ್ಲಿ ಬಾಯಿಯೇ ಬಿಡುವಂತಿಲ್ಲ. ಅವ್ವ ಮೋಡ ನೋಡಿ "ಮಳೆ ಬತ್ತೀನಿ ಅಂತದೆ, ಬಟ್ಟೆ ಎತ್ಕೊ" ಅನ್ನುತ್ತಾಳೆ. ಅಣ್ಣ ಬೆಳಿಗ್ಗೆ ಬೈಕಿಗೆ ಒದ್ದು ಒದ್ದು "ಸ್ಟಾರ್ಟೇ ಆಗಲ್ಲ ಅಂತದೆ" ಅನ್ನುತ್ತಾನೆ. ಪಂಪ್‌ಸೆಟ್ಟು ಕೈಕೊಡುತ್ತದೆ. ಗೋಡೆಗೆ ಸುಣ್ಣ ಬೇಕು, ಗದ್ದೆಗೆ ನೀರು ಬೇಕು, ನನಗೆ ಕಾಫಿ ಬೇಕು. ಮೂರಕ್ಕೂ ಅದೇ 'ಬೇಕು' ಅನ್ನುವ ಪದ! ಕನ್ನಡ ಇರೋದೇ ಹೀಗೆ. ಆದರೆ ಬೈಕಿಗೆ ನಿಜವಾಗಲೂ ಹಟ ಇದೆ ಅಂತ ಅಣ್ಣ ನಂಬಿಲ್ಲ. ಬೈದಾದ ಮೇಲೆ ಪ್ಲಗ್ ಬಿಚ್ಚಿ ಉಜ್ಜುತ್ತಾನೆ.

ನನ್ನ ಸಾಲು ಓದಿದವರು ಪ್ಲಗ್ ಬಿಚ್ಚಲಿಲ್ಲ. ಅಳುತ್ತಿದೆ ಅಂದ ಮೇಲೆ ಸದ್ದು ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ? ಪಾಪ ಅನ್ನುತ್ತಾರೆ, ಶೇರ್ ಮಾಡುತ್ತಾರೆ, ಮುಗೀತು. ನನ್ನ ತಕರಾರು ಇಷ್ಟೇ.

ಇದರ ಎದುರು ತುದಿ ಇನ್ನೂ ಕೆಟ್ಟದ್ದು. ನಾವು ಹೈಸ್ಕೂಲಿನಲ್ಲಿ ಉರು ಹೊಡೆದದ್ದು ನೆನಪಿದೆಯಾ? 'ಸಸ್ಯಗಳಿಂದ ಆಹಾರವು ತಯಾರಿಸಲ್ಪಡುತ್ತದೆ.' ಮಂಡ್ಯದಲ್ಲಿ ಯಾರಾದರೂ 'ಮುದ್ದೆಯು ನುಂಗಲ್ಪಟ್ಟಿತು' ಅಂದಿದ್ದನ್ನು ನಾನು ಕೇಳಿಲ್ಲ. ಗಿಡ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತೆ ಅಂದಿದ್ದರೆ ನಮಗೆ ಏನೂ ನಷ್ಟ ಆಗುತ್ತಿರಲಿಲ್ಲ.

ಮನುಷ್ಯರ ಮಾತು ಚೆನ್ನಾಗಿ ಕೆಲಸ ಮಾಡಿದ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಅಲ್ಲಿ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಮನೆ ಸೂರಿನ ಮೇಲೇ. ಹಿಕ್ಕೆ ಬೀಳುತ್ತದೆ, ಅರೆಬರೆ ತಿಂದ ಮೀನು ಬೀಳುತ್ತದೆ, ನಾತ ಬೇರೆ. ಆದರೂ ಊರಿನವರು ಓಡಿಸುವುದಿಲ್ಲ. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ ಅನ್ನುವುದೂ ಅವರಿಗೆ ಗೊತ್ತು, ಅದು ಬೇರೆ ಮಾತು. ಮಗಳು ಅಂದವರು ಮರ ಕಡಿಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಆ ಮಾತಿನ ಮೇಲೆ ನನಗೆ ಗೌರವ ಇದೆ. ನಾನು ಅದನ್ನು ತಿದ್ದಲು ಹೋಗುವುದಿಲ್ಲ.

ಆದರೆ 2017ರ ಕೊನೆಯ ಹೊತ್ತಿಗೆ ಅದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಸಿಕ್ಕಿದ್ದು ಜಂತುಹುಳು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಮಗಳು ಸತ್ತಳು ಅಂತ ಅತ್ತದ್ದು ಸರಿಯೇ. ಆದರೆ ಕಾಯಿಲೆ ಸಿಕ್ಕಿದ್ದು ಹೊಟ್ಟೆ ಕೊಯ್ದವರಿಗೆ.

ಇನ್ನು ತಾಯಿಪ್ರೀತಿ. ಹಕ್ಕಿ ಅಂದರೆ ಸಾಕು, ನಮ್ಮ ಲೇಖನಗಳಲ್ಲಿ ತಾಯಿಪ್ರೀತಿ ಸುರಿಯುತ್ತದೆ. ದೊಡ್ಡ ಬೆಳ್ಳಕ್ಕಿಯ ಗೂಡಿನಲ್ಲಿ ಮೊದಲು ಹುಟ್ಟಿದ ಮರಿಗಳು ಕೊನೆಯದನ್ನು ಕುಕ್ಕಿ ಕುಕ್ಕಿ ಸಾಯಿಸುವುದುಂಟು. ಅಪ್ಪನೋ ಅಮ್ಮನೋ ಅಲ್ಲೇ ಪಕ್ಕದಲ್ಲಿ ನಿಂತಿದ್ದರೂ ಬಿಡಿಸುವುದಿಲ್ಲ. ಮರಿಗೆ ಗುಟುಕು ಕೊಡುವಾಗ ಮಹಾತಾಯಿ ಅಂದವರು ಇಲ್ಲಿ ಏನನ್ನುತ್ತಾರೆ? ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಆ ಪ್ಯಾರಾವನ್ನೇ ಬರೆಯುವುದಿಲ್ಲ. ನಾನೂ ಬರೆದಿಲ್ಲ.

ಚಂದ್ರಯಾನ-3ರದ್ದು ಇನ್ನೊಂದು ಕಥೆ. 2023ರ ಆಗಸ್ಟ್ 23ರ ಸಂಜೆ ಮೈಸೂರಿನ ನಮ್ಮ ಬೀದಿಯಲ್ಲಿ ಪಟಾಕಿಯೋ ಪಟಾಕಿ. ಲ್ಯಾಂಡರ್ ಅಂದರೆ ಇಳಿಯಿತು. ವಿಕ್ರಮ ಅಂದ ಕೂಡಲೇ ಇಳಿದ! ಹೆಸರು ಗಂಡಸಿನದ್ದಾದರೆ ಕ್ರಿಯಾಪದವೂ ಹಿಂದೆಯೇ ಹೋಗುತ್ತದೆ, ಕನ್ನಡ ನಮ್ಮನ್ನು ಕೇಳುವುದಿಲ್ಲ. ಸೆಪ್ಟೆಂಬರ್ 4ರಂದು ವಿಕ್ರಮನನ್ನು 'ಮಲಗಿಸಿದರು'. ಇಸ್ರೋದವರೂ ನಿದ್ದೆ ಅಂತಲೇ ಹೇಳಿದ್ದರು. 22ರಂದು ಎಬ್ಬಿಸಲು ನೋಡಿದರೆ ಉತ್ತರ ಇಲ್ಲ. ಆ ವಾರ ಎದುರುಮನೆಯ ಯಜಮಾನರು ವಾಕಿಂಗಿನಲ್ಲಿ ಸಿಕ್ಕಿ, "ಛೆ, ಏಳಲೇ ಇಲ್ವಂತೆ ಮೇಡಂ, ಫೇಲ್ ಆಯ್ತಲ್ಲ" ಅಂದರು. ಫೇಲ್ ಎಲ್ಲಿ ಸ್ವಾಮಿ? ಅದನ್ನು ಮಾಡಿದ್ದೇ ಚಂದ್ರನ ಒಂದು ಹಗಲಿಗೆ, ಅಂದರೆ ನಮ್ಮ 14 ದಿನದ ಕೆಲಸಕ್ಕೆ. ಕೆಲಸ ಮುಗಿದಿತ್ತು. ಅದು ನಡೆಯುವುದು ಬಿಸಿಲಿನ ಕರೆಂಟಿನಲ್ಲಿ. ಅಲ್ಲಿನ ರಾತ್ರಿಯ ಚಳಿ ಮೈನಸ್ 100 ಡಿಗ್ರಿಗೂ ಕೆಳಗೆ. ಎದ್ದಿದ್ದರೆ ಅದು ಮೇಲೆ ಕೊಸರು ಸಿಕ್ಕ ಹಾಗೆ, ಅಷ್ಟೆ. ಆದರೆ ಮಲಗಿದವನು ಏಳಬೇಕು ಅನ್ನುವುದು ಆ ಪದದ ಹೊಟ್ಟೆಯಲ್ಲೇ ಇದೆ. ಏಳದಿದ್ದರೆ ಸತ್ತ ಅಂತಲೇ ಲೆಕ್ಕ. ಯಜಮಾನರನ್ನು ಬೈದು ಏನು ಪ್ರಯೋಜನ?

ಊಟ ಆದ ಮೇಲೆ ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬೇಲಿ ಹತ್ತಿರ ಮುಟ್ಟಿದರೆ ಮುನಿ ಹಬ್ಬಿಕೊಂಡಿದೆ. ನಮ್ಮ ಕಡೆ ಅದು ಮುನಿಸಿಕೊಳ್ಳುವ ಗಿಡ. ನನ್ನ ಜೊತೆ ಕೆಲಸ ಮಾಡುವ ಕರಾವಳಿಯ ಗೆಳತಿ ಅದನ್ನೇ ನಾಚಿಕೆ ಮುಳ್ಳು ಅನ್ನುತ್ತಾಳೆ. ಅದೇ ಎಲೆ, ಮಡಚಿಕೊಳ್ಳುವುದೂ ಹಾಗೇ. ಇಲ್ಲಿನವರಿಗೆ ಸಿಟ್ಟು ಕಂಡಿತು, ಅಲ್ಲಿನವರಿಗೆ ನಾಚಿಕೆ ಕಂಡಿತು. ಗಿಡದ ಕಡೆ ನಡೆಯುವುದೇ ಬೇರೆ. ಎಲೆಯ ಬುಡದಲ್ಲಿ ಸಣ್ಣ ಉಬ್ಬು ಇರುತ್ತದೆ. ಮುಟ್ಟಿದಾಗ ಉಬ್ಬಿನ ಒಂದು ಪಕ್ಕದ ಜೀವಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಬರುತ್ತವೆ. ಅವುಗಳ ಹಿಂದೆ ನೀರೂ ಬರುತ್ತದೆ. ಗಾಳಿ ಹೋದ ಟೈರಿನ ಹಾಗೆ ಆ ಪಕ್ಕ ಸಡಿಲವಾಗಿ ಎಲೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನೀರು ವಾಪಸ್ಸು ಬಂದು ಎಲೆ ಬಿಚ್ಚಿಕೊಳ್ಳುತ್ತದೆ.

ಹುಡುಗಿ ಮಂಡಿಯೂರಿ ಕೂತು ಆ ಉಬ್ಬು ಹುಡುಕಿದಳು. ಸಿಕ್ಕಿತು. ಆಮೇಲೆ ಒಂದೊಂದೇ ಎಲೆ ಮುಟ್ಟಿ, ಬಿಚ್ಚಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬೆರಳು ಮಡಚಿ ಎಣಿಸತೊಡಗಿದಳು. ನಾನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹಿಂಬಾಗಿಲಿನಿಂದ ಅವ್ವ ಕೂಗಿದಳು: "ಸಾಕು ಬಿಡು ಕೂಸೇ, ಅದಕ್ಕೂ ಬೇಜಾರಾಯ್ತದೆ."

ಅಂದ ಹಾಗೆ, ನಿಮ್ಮ ಕಡೆ ಈ ಗಿಡಕ್ಕೆ ಏನಂತಾರೆ? ಸಿಟ್ಟು, ನಾಚಿಕೆ ಬಿಟ್ಟು ಮೂರನೆಯದು ಯಾವುದಾದರೂ ಇದ್ದರೆ ಹೇಳಿ.